ಸರ್ಕಾರ ಕೈಬಿಟ್ಟ ದಿನಕ್ಕೆ ತಯಾರಿ: ‘ಪ್ರೆಪ್ಪರ್’ಗಳ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು?

2021ರ ಮೇ ತಿಂಗಳ ಮೊದಲ ವಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಗಲೂ ರಾತ್ರಿ ಒಂದು ಗೂಗಲ್ ಶೀಟ್ ತೆರೆದೇ ಇರುತ್ತಿತ್ತು. ಆಕ್ಸಿಜನ್ ಸಿಲಿಂಡರ್ ಎಲ್ಲಿ ಸಿಗುತ್ತೆ, ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ ಅನ್ನೋ ಪಟ್ಟಿ ಅದು. ಒಂದೊಂದು ನಂಬರಿಗೂ ಫೋನ್ ಮಾಡೋದು, ಸಿಲಿಂಡರ್ ಇದೆ ಅಂದ್ರೆ ಹಸಿರು ಬಣ್ಣ ಹಚ್ಚೋದು, ಸ್ವಿಚ್ ಆಫ್ ಬಂದ್ರೆ ಕೆಂಪು. ನಾವು ಆರೇಳು ಜನ, ಎಲ್ಲರೂ ಎಂಜಿನಿಯರಿಂಗ್ ಕಾಲೇಜಿನ ಹಳೇ ಗೆಳೆಯರು. ವಾರ ಮುಗಿಯುವಷ್ಟರಲ್ಲಿ ಶೀಟಿನ ತುಂಬಾ ಕೆಂಪೇ.

ಅದೇ ವಾರ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ತನಿಖೆ ನಡೆಸಿ, ಆಕ್ಸಿಜನ್ ಕೊರತೆಯತ್ತಲೇ ಬೊಟ್ಟು ಮಾಡಿತು. ಆ 24 ಜನರಲ್ಲಿ ಒಬ್ಬರ ಮನೆಯವರೂ ನಮಗೆ ಫೋನ್ ಮಾಡಿರಲಿಲ್ಲ. ಮಾಡೋದಾದರೂ ಹೇಗೆ? ನಮ್ಮ ಶೀಟ್ ಇಂಗ್ಲಿಷಿನಲ್ಲಿತ್ತು, ಟ್ವಿಟರ್‌ನಲ್ಲಿ ಓಡಾಡುತ್ತಿತ್ತು.

ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಒಂದು ಉತ್ತರ ಕೊಟ್ಟಿತು: ಆಕ್ಸಿಜನ್ ಕೊರತೆಯಿಂದಲೇ ಸಾವಾಗಿದೆ ಅಂತ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅಂದ್ರೆ ಸತ್ತವರು ಲೆಕ್ಕಕ್ಕೂ ಸಿಗಲಿಲ್ಲ.

ಹಾಗಾಗಿ ಈಗ ಯಾರಾದರೂ ಗೆಳೆಯರು ‘ಗೋ ಬ್ಯಾಗ್’ ವಿಡಿಯೋ ಕಳಿಸಿ, “ಸರ್ಕಾರನ ನಂಬ್ಕೊಂಡು ಕೂತ್ರೆ ಆಗಲ್ಲ ಮಚ್ಚಾ, ನಮ್ಮದು ನಾವೇ ನೋಡ್ಕೋಬೇಕು” ಅಂದಾಗ ನನಗೆ ನಗು ಬರಲ್ಲ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಯಾಕೆ ಅಪಾಯ ಅಂತ ಬಿಡಿಸಿ ನೋಡೋದು ಈ ಬರಹದ ಉದ್ದೇಶ.

‘ಪ್ರೆಪ್ಪರ್’ ಅಂದ್ರೆ ಯಾರು?

ಯುದ್ಧ, ಸಾಂಕ್ರಾಮಿಕ, ವಿದ್ಯುತ್ ಗ್ರಿಡ್ ಕುಸಿತ, ಆರ್ಥಿಕ ಪತನ, ಹೀಗೆ ಯಾವುದೋ ಒಂದು ಕಾರಣಕ್ಕೆ ಸಮಾಜದ ವ್ಯವಸ್ಥೆಯೇ ಕುಸಿದು ಬೀಳುತ್ತೆ, ಆಗ ಸರ್ಕಾರ ನೆರವಿಗೆ ಬರಲ್ಲ ಅಂತ ನಂಬಿ ಮೊದಲೇ ತಯಾರಿ ಮಾಡಿಕೊಳ್ಳುವವರನ್ನು ಪ್ರೆಪ್ಪರ್‌ಗಳು ಅನ್ನುತ್ತಾರೆ. ಈ ಸಂಸ್ಕೃತಿಯ ತವರು ಅಮೆರಿಕ. ಅಲ್ಲಿ ಇವರನ್ನು ‘ಸರ್ವೈವಲಿಸ್ಟ್’ ಅಂತಲೂ ಕರೆಯುತ್ತಾರೆ.

ಎಲ್ಲರೂ ಒಂದೇ ಥರ ಇಲ್ಲ. ಚಂಡಮಾರುತದ ಸೀಸನ್ನಿಗೆ ಮೂರು ದಿನದ ನೀರು, ಟಾರ್ಚ್, ಔಷಧ ಎತ್ತಿಡುವ ಸಾಮಾನ್ಯ ಕುಟುಂಬ ಒಂದು ತುದಿ. ವರ್ಷಗಟ್ಟಲೆ ಊಟ, ಬಂದೂಕು, ಚಿನ್ನ ಕೂಡಿಟ್ಟು ನೆಲಮಾಳಿಗೆ ಕಟ್ಟಿಕೊಂಡವರು ಇನ್ನೊಂದು ತುದಿ. ಕಾನ್ಸಾಸ್ ರಾಜ್ಯದಲ್ಲಿ ಶೀತಲ ಸಮರದ ಕಾಲದ ಒಂದು ಕ್ಷಿಪಣಿ ಗುಂಡಿ ಈಗ ಶ್ರೀಮಂತರ ‘ಪ್ರಳಯದ ಅಪಾರ್ಟ್‌ಮೆಂಟ್’ ಆಗಿದೆ. ಸೌತ್ ಡಕೋಟಾದಲ್ಲಿ ಸೇನೆ ಮದ್ದುಗುಂಡು ಇಡುತ್ತಿದ್ದ ಹಳೇ ಬಂಕರ್‌ಗಳು ಖಾಸಗಿಯವರಿಗೆ ಹೋಗಿವೆ.

ಇದು ಶುರುವಾಗಿದ್ದು ಹೇಗೆ?

‘ಸರ್ಕಾರ ಬೇಡ, ನಮ್ಮನ್ನು ನಾವೇ ನೋಡ್ಕೋತೀವಿ’ ಅನ್ನೋ ಈ ಮನೋಭಾವಕ್ಕೆ ನೀರೆರೆದವರಲ್ಲಿ ಸರ್ಕಾರವೂ ಒಂದು. 1961ರ ಜುಲೈ 25ರಂದು, ಬರ್ಲಿನ್ ಬಿಕ್ಕಟ್ಟಿನ ನಡುವೆ, ಅಧ್ಯಕ್ಷ ಜಾನ್ ಎಫ್. ಕೆನಡಿ ಟಿವಿಯಲ್ಲಿ ಮಾತಾಡಿ ಅಣುದಾಳಿಯಿಂದ ರಕ್ಷಣೆಯ ಆಶ್ರಯತಾಣಗಳ ವಿಚಾರ ಎತ್ತಿದರು. ಸಾರ್ವಜನಿಕ ತಾಣಗಳ ಯೋಜನೆಯೂ ಇತ್ತು ನಿಜ. ಆದರೆ ಜನರ ತಲೆಯಲ್ಲಿ ಉಳಿದದ್ದು ಸ್ವಂತ ಹಿತ್ತಲಲ್ಲಿ ಅಗೆದುಕೊಳ್ಳುವ ಬಂಕರ್. ಕೂಡಲೇ ಅಲ್ಲೊಂದು ಚರ್ಚೆ ಎದ್ದಿತು: ಬಾಂಬ್ ಬಿದ್ದಾಗ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರೆ ಗುಂಡು ಹಾರಿಸಬಹುದಾ? ಪಾದ್ರಿಗಳು, ಪತ್ರಿಕೆಗಳು ಇದನ್ನು ಗಂಭೀರವಾಗಿಯೇ ಚರ್ಚಿಸಿದರು.

ಆಮೇಲೆ 1970ರ ದಶಕದ ತೈಲ ಬಿಕ್ಕಟ್ಟು ಮತ್ತು ಬೆಲೆಯೇರಿಕೆ, 1999ರ ವೈ2ಕೆ ಭಯ, 2001ರ ದಾಳಿ, ಕೋವಿಡ್. ಪ್ರತಿ ಬಿಕ್ಕಟ್ಟೂ ಪ್ರೆಪ್ಪರ್‌ಗಳ ಗುಂಪಿಗೆ ಹೊಸಬರನ್ನು ಸೇರಿಸಿತು.

ಸರ್ಕಾರದ ಮೇಲಿನ ಅಪನಂಬಿಕೆ ತಪ್ಪಾ?

ಅಲ್ಲ. ಕತ್ರಿನಾ ಚಂಡಮಾರುತ ನೋಡಿ. 2005ರ ಆಗಸ್ಟ್ 29ರಂದು ಅದು ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಇದಕ್ಕೆ ಮುಖ್ಯ ಕಾರಣ, ಕೇಂದ್ರ ಸರ್ಕಾರದ್ದೇ ಆದ ಸೇನಾ ಎಂಜಿನಿಯರಿಂಗ್ ದಳ ವಿನ್ಯಾಸ ಮಾಡಿ ಕಟ್ಟಿದ ತಡೆಗೋಡೆಗಳು ಒಡೆದದ್ದು. ಊರು ಬಿಡಿ ಅಂತ ಕಡ್ಡಾಯ ಆದೇಶ ಬಂದದ್ದು ಹಿಂದಿನ ದಿನ. ಕಾರಿದ್ದವರು ಹೊರಟರು. ಕಾರಿಲ್ಲದವರು, ಅಂದ್ರೆ ಹೆಚ್ಚಿನಂಶ ಬಡವರು, ಕಪ್ಪು ಜನ, ವಯಸ್ಸಾದವರು, ಉಳಿದುಬಿಟ್ಟರು. ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ಜನ ನೀರು, ಶೌಚಾಲಯ ಸರಿಯಿಲ್ಲದೆ ದಿನಗಟ್ಟಲೆ ಕಾದರು.

ಮುಂದಿನದು ಇನ್ನೂ ಮುಖ್ಯ. ನಗರದಲ್ಲಿ ಕೊಲೆ, ಅತ್ಯಾಚಾರ, ಲೂಟಿ ಮಿತಿಮೀರಿದೆ ಅನ್ನೋ ಸುದ್ದಿ ಟಿವಿಗಳಲ್ಲಿ ಹರಿದಾಡಿತು. ಅದರಲ್ಲಿ ಬಹುಪಾಲು ಸುಳ್ಳು ಅಂತ ಗೊತ್ತಾಗಿದ್ದು ಆಮೇಲೆ. ಅಷ್ಟರಲ್ಲಿ ಜನರನ್ನು ಕಾಪಾಡುತ್ತಿದ್ದ ಪೊಲೀಸರನ್ನು ಲೂಟಿ ತಡೆಯಲು ಕಳಿಸಿ ಆಗಿತ್ತು. ಸೆಪ್ಟೆಂಬರ್ 4ರಂದು ಡ್ಯಾನ್ಜಿಗರ್ ಸೇತುವೆಯ ಮೇಲೆ ಪೊಲೀಸರೇ ನಿರಾಯುಧ ಕಪ್ಪು ಜನರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು. ಆಲ್ಜಿಯರ್ಸ್ ಪಾಯಿಂಟ್ ಎಂಬ ಬಡಾವಣೆಯಲ್ಲಿ ಬಿಳಿಯರು ಬಂದೂಕು ಹಿಡಿದು ಕಾವಲು ಕೂತು, ದಾರಿಯಲ್ಲಿ ಹೋಗುತ್ತಿದ್ದ ಕಪ್ಪು ಜನರ ಮೇಲೆ ಗುಂಡು ಹಾರಿಸಿದರು.

ಅದೇ ಆಲ್ಜಿಯರ್ಸ್ ಭಾಗದಲ್ಲಿ, ಅದೇ ದಿನಗಳಲ್ಲಿ, ಮಲಿಕ್ ರಹೀಮ್ ಎಂಬ ಹಳೇ ಬ್ಲ್ಯಾಕ್ ಪ್ಯಾಂಥರ್ ಮತ್ತು ಗೆಳೆಯರು ‘ಕಾಮನ್ ಗ್ರೌಂಡ್’ ಎಂಬ ಗುಂಪು ಕಟ್ಟಿದರು. ಅದರಿಂದ ಉಚಿತ ಚಿಕಿತ್ಸಾಲಯವೂ ಶುರುವಾಯಿತು. ಬಂದೂಕು ಹಿಡಿದವರೂ ಚಿಕಿತ್ಸಾಲಯ ತೆರೆದವರೂ ಸರ್ಕಾರ ಬರಲ್ಲ ಅಂತಲೇ ತಿಳಿದಿದ್ದರು. ಅಪನಂಬಿಕೆ ಇಬ್ಬರದ್ದೂ ಒಂದೇ, ಅದರಿಂದ ಅವರು ಮಾಡಿದ್ದು ಬೇರೆ ಬೇರೆ.

ಹಾಗಾದ್ರೆ ಲೆಕ್ಕ ತಪ್ಪೋದು ಎಲ್ಲಿ?

ಬಂಕರ್ ತರ್ಕ ಎರಡು ಊಹೆಗಳ ಮೇಲೆ ನಿಂತಿದೆ. ಒಂದು, ವ್ಯವಸ್ಥೆ ಬಿದ್ದ ತಕ್ಷಣ ಜನ ಮೃಗಗಳಾಗ್ತಾರೆ. ಎರಡು, ಸಾಮಾನು ಇದ್ದವನು ಬದುಕ್ತಾನೆ.

ಮೊದಲನೆಯದಕ್ಕೆ ಪುರಾವೆ ತೀರಾ ಕಡಿಮೆ. 1963ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶುರುವಾದ ವಿಪತ್ತು ಸಂಶೋಧನಾ ಕೇಂದ್ರದ ಸಮಾಜಶಾಸ್ತ್ರಜ್ಞರು ದಶಕಗಟ್ಟಲೆ ಭೂಕಂಪ, ಪ್ರವಾಹಗಳ ಸ್ಥಳಕ್ಕೇ ಹೋಗಿ ಅಧ್ಯಯನ ಮಾಡಿದರು. ಸಿನಿಮಾದಲ್ಲಿ ತೋರಿಸುವಂಥ ಸಾಮೂಹಿಕ ಹುಚ್ಚಾಟ ನಿಜದಲ್ಲಿ ಅಪರೂಪ, ಪರಸ್ಪರ ಸಹಾಯವೇ ಸಾಮಾನ್ಯ ಅನ್ನೋದು ಅವರು ಮತ್ತೆ ಮತ್ತೆ ಕಂಡ ಸತ್ಯ. 1995ರ ಜನವರಿ 17ರಂದು ಜಪಾನಿನ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳ ಅಡಿಯಿಂದ ಪಾರಾದವರಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಪಾಲು ಜನರನ್ನು ಎಳೆದು ತೆಗೆದವರು ಮನೆಯವರು ಮತ್ತು ಅಕ್ಕಪಕ್ಕದವರು. ಒಳಗಿನ ಕೋಣೆಯಲ್ಲಿ ಯಾವ ಅಜ್ಜಿ ಮಲಗ್ತಾಳೆ ಅಂತ ಗೊತ್ತಿರೋದು ಅಗ್ನಿಶಾಮಕ ದಳಕ್ಕಲ್ಲ, ಪಕ್ಕದ ಮನೆಯವರಿಗೆ.

ಎರಡನೆಯದಕ್ಕೆ ಉತ್ತರ ಅದೇ ವರ್ಷದ ಷಿಕಾಗೋ. 1995ರ ಜುಲೈ ತಿಂಗಳ ಬಿಸಿಗಾಳಿಗೆ ಅಲ್ಲಿ ಎಂದಿಗಿಂತ 739 ಹೆಚ್ಚುವರಿ ಸಾವುಗಳಾದವು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡತನ ಇತ್ತು, ಒಂಟಿ ವೃದ್ಧರಿದ್ದರು. ಆದರೆ ನಾರ್ತ್ ಲಾನ್‌ಡೇಲ್‌ನಲ್ಲಿ ಸಾವಿನ ಪ್ರಮಾಣ ಸೌತ್ ಲಾನ್‌ಡೇಲ್‌ಗಿಂತ ಸುಮಾರು ಹತ್ತು ಪಟ್ಟು. ಒಂದು ಕಡೆ ಅಂಗಡಿಗಳು ಮುಚ್ಚಿ, ಬೀದಿ ಖಾಲಿಯಾಗಿ, ಭಯಕ್ಕೆ ಬಾಗಿಲು ಹಾಕಿಕೊಂಡ ಮುದುಕರಿದ್ದರು. ಇನ್ನೊಂದು ಕಡೆ ಗಿಜಿಗುಡುವ ಬೀದಿ, ಹೋಗಿ ಕೂರಲು ಅಂಗಡಿ, ವಿಚಾರಿಸಿಕೊಳ್ಳಲು ಜನ. ಬಾಗಿಲು ಹಾಕಿಕೊಂಡು ಒಳಗೆ ಕೂತವರೇ ಅಲ್ಲಿ ಹೆಚ್ಚು ಸತ್ತರು.

ಸರ್ಕಾರವೇ ‘ತಯಾರಾಗಿರಿ’ ಅಂದರೆ?

ಫಿನ್ಲೆಂಡ್ ಪ್ರತಿ ಮನೆಗೂ 72 ಗಂಟೆ ಸ್ವಂತವಾಗಿ ಸಂಭಾಳಿಸುವಷ್ಟು ತಯಾರಿ ಇಟ್ಟುಕೊಳ್ಳಿ ಅನ್ನುತ್ತೆ. ಸ್ವೀಡನ್ 2024ರ ನವೆಂಬರ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಬಿಕ್ಕಟ್ಟು ಮತ್ತು ಯುದ್ಧದ ಬಗ್ಗೆ ಕೈಪಿಡಿ ಕಳಿಸಿತು. ನೀರು, ಬೇಯಿಸದೆ ತಿನ್ನುವ ಆಹಾರ, ಬ್ಯಾಟರಿ ರೇಡಿಯೋ, ನಗದು ಇಟ್ಟುಕೊಳ್ಳಿ ಅಂತ. ಮೇಲ್ನೋಟಕ್ಕೆ ಪ್ರೆಪ್ಪರ್ ಪಟ್ಟಿಯೇ. ಆದರೆ ಹಿಂದಿನ ಲೆಕ್ಕ ಬೇರೆ: ಕೈಲಾಗುವವರು ಮೊದಲ ಕೆಲವು ದಿನ ತಮ್ಮನ್ನು ತಾವು ನೋಡಿಕೊಂಡರೆ, ಸರ್ಕಾರದ ನೆರವು ಕೈಲಾಗದವರಿಗೆ ಮೊದಲು ಮುಟ್ಟುತ್ತೆ. ಫಿನ್ಲೆಂಡ್ ಬರೀ ಕೈಪಿಡಿ ಕೊಟ್ಟು ಕೈತೊಳೆದುಕೊಂಡಿಲ್ಲ. ಸುಮಾರು 55 ಲಕ್ಷ ಜನಸಂಖ್ಯೆಯಲ್ಲಿ 48 ಲಕ್ಷ ಜನರಿಗಾಗುವಷ್ಟು ಆಶ್ರಯತಾಣಗಳನ್ನು ಅಲ್ಲಿ ಕಟ್ಟಲಾಗಿದೆ.

ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಹೊತ್ತು ತಂದರು. ನೆರವಿನ ಕೋರಿಕೆ ದಾಖಲಿಸುವ ಸರ್ಕಾರಿ ವೆಬ್‌ಸೈಟಿನ ಕೋಡ್ ಬರೆಯೋಕೆ ಸ್ವಯಂಸೇವಕ ಎಂಜಿನಿಯರ್‌ಗಳು ಕೈಜೋಡಿಸಿದರು. ಜನರೂ ಇದ್ದರು, ಸರ್ಕಾರವೂ ಇತ್ತು. ನಮ್ಮ ಗೂಗಲ್ ಶೀಟಿಗೆ ಇಲ್ಲದ್ದು ಅದೇ ಕೊಂಡಿ.

ನಮ್ಮೂರಲ್ಲಿ ಬಂಕರ್‌ಗಳಿವೆಯಾ?

ಇವೆ, ನಾವು ಆ ಹೆಸರಿಂದ ಕರೆಯಲ್ಲ ಅಷ್ಟೇ. ಕರೆಂಟ್ ನಂಬೋಕಾಗಲ್ಲ, ಯುಪಿಎಸ್ ಹಾಕಿಸಿದ್ವಿ. ಕಾವೇರಿ ನೀರು ನಂಬೋಕಾಗಲ್ಲ, ಸಂಪು ಕಟ್ಟಿ ಬೋರ್ ಕೊರೆಸಿದ್ವಿ. ಸರ್ಕಾರಿ ಶಾಲೆ, ಆಸ್ಪತ್ರೆ ಬೇಡ, ಖಾಸಗಿಗೆ ಹೋದ್ವಿ. ಗೇಟ್ ಹಾಕಿ ಸೆಕ್ಯುರಿಟಿ ನಿಲ್ಲಿಸಿದ್ವಿ. ಬೆಂಗಳೂರಿನ ಮಧ್ಯಮ ವರ್ಗ ದಶಕಗಳಿಂದ ಪ್ರೆಪ್ಪಿಂಗ್ ಮಾಡ್ತಾನೇ ಇದೆ.

2024ರ ಬೇಸಿಗೆಯಲ್ಲಿ ಇದರ ಮಿತಿ ಕಂಡಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಐಷಾರಾಮಿ ಅಪಾರ್ಟ್‌ಮೆಂಟ್‌ಗಳೂ ಟ್ಯಾಂಕರ್‌ಗೆ ಸಾಲು ನಿಂತವು. ಗೇಟಿನ ಒಳಗೂ ಹೊರಗೂ ಅಂತರ್ಜಲ ಒಂದೇ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದನ್ನು ವಿವರಿಸಿದ್ದರು. ಸೇವೆ ಕೆಟ್ಟಾಗ ನಮಗಿರೋದು ಎರಡು ದಾರಿ: ಬಿಟ್ಟುಹೋಗೋದು, ಇಲ್ಲವೇ ದನಿ ಎತ್ತೋದು. ಜೋರಾಗಿ ಕೇಳಬಲ್ಲವರೇ ಮೊದಲು ಬಿಟ್ಟುಹೋದರೆ ಸೇವೆ ಇನ್ನಷ್ಟು ಕೆಡುತ್ತೆ. ಉಳಿದವರ ದನಿ ಯಾರಿಗೂ ಕೇಳಲ್ಲ. ಜಿಲ್ಲಾಸ್ಪತ್ರೆಗೆ ಹೋಗುವ ಅಗತ್ಯ ಇಲ್ಲದ ನಾವು, ಅಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಮೇ 2ಕ್ಕೆ ಮುಂಚೆ ಯಾವತ್ತಾದರೂ ಕೇಳಿದ್ವಾ?

ಹಾಗಾದ್ರೆ ಏನು ಮಾಡೋದು?

*ಮನೆಯಲ್ಲಿ:* ಕನಿಷ್ಠ ಮೂರು ದಿನಕ್ಕಾಗುವ ಕುಡಿಯುವ ನೀರು (ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ), ಅವಲಕ್ಕಿ, ಬೆಲ್ಲದಂಥ ಒಲೆ ಬೇಡದ ಆಹಾರ, ನಿತ್ಯದ ಔಷಧ, ಟಾರ್ಚ್, ಪವರ್ ಬ್ಯಾಂಕ್, ಬ್ಯಾಟರಿ ರೇಡಿಯೋ, ಸ್ವಲ್ಪ ನಗದು. ಯುಪಿಐ ನಿಂತ ದಿನ ನಗದೇ ಗತಿ. ಮುಖ್ಯ ನಂಬರ್‌ಗಳು ಕಾಗದದ ಮೇಲಿರಲಿ. ಇದಕ್ಕೆ ಬಂಕರ್ ಬೇಡ, ಒಂದು ಚೀಲ ಸಾಕು.

*ಬೀದಿಯಲ್ಲಿ:* ಯಾರು ಒಂಟಿಯಾಗಿದ್ದಾರೆ, ಯಾರಿಗೆ ಇನ್ಸುಲಿನ್ ಅಥವಾ ಡಯಾಲಿಸಿಸ್ ಬೇಕು, ಯಾರ ಬಳಿ ವಾಹನ ಇದೆ, ನರ್ಸ್ ಯಾರು, ಎಲೆಕ್ಟ್ರಿಷಿಯನ್ ಯಾರು ಅನ್ನೋದು ಗೊತ್ತಿರಲಿ. ಗೇಟಿನ ಆಚೆಗಿನ ಶೆಡ್‌ಗಳಲ್ಲಿರುವ ಕಾರ್ಮಿಕರೂ ಈ ಪಟ್ಟಿಯಲ್ಲಿರಲಿ. ಪಟ್ಟಿ ಕನ್ನಡದಲ್ಲಿರಲಿ, ಅಲ್ಲಿನವರು ಆಡುವ ಭಾಷೆಯಲ್ಲೂ ಇರಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ ತರಬೇತಿ ಸಿಕ್ಕಿದೆ. ನಿಮ್ಮ ಜಿಲ್ಲೆಯಲ್ಲಿ ಅಂಥವರು ಯಾರಿದ್ದಾರೆ ಅಂತ ಹುಡುಕಿ.

*ಕಚೇರಿಯಲ್ಲಿ:* 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು, ಅದನ್ನು ಪ್ರತಿ ವರ್ಷ ಪರಿಷ್ಕರಿಸಲೇಬೇಕು. ಅದರ ಪ್ರತಿ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಆಸ್ಪತ್ರೆಯ ಆಕ್ಸಿಜನ್ ಸಾಮರ್ಥ್ಯ ಎಷ್ಟು, ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ನಡೀತು, ನಿಮ್ಮ ವಾರ್ಡಿನವರು ಎಲ್ಲಿಗೆ ಹೋಗಬೇಕು ಅಂತ ಪ್ರಶ್ನೆ ಹಾಕಿ. ಅಪನಂಬಿಕೆಯನ್ನು ಈ ಅರ್ಜಿಗೆ ಬಳಸಿದರೆ ಅದಕ್ಕೆ ಬೆಲೆ ಬರುತ್ತೆ.

ನಾನೂ ಪವರ್ ಬ್ಯಾಂಕ್ ಚಾರ್ಜ್ ಮಾಡಿಟ್ಟಿದ್ದೀನಿ, ಸುಳ್ಳು ಹೇಳಲ್ಲ. ಆ ಶೀಟ್ ಇನ್ನೂ ನನ್ನ ಡ್ರೈವ್‌ನಲ್ಲಿದೆ. ಯಾವಾಗಲಾದರೂ ತೆರೆದರೆ ನಾನು ಮೊದಲು ನೋಡೋದು ಜಿಲ್ಲೆಯ ಕಾಲಂ. ಮುನ್ನೂರಕ್ಕೂ ಹೆಚ್ಚು ಸಾಲುಗಳಲ್ಲಿ ಚಾಮರಾಜನಗರದ ಹೆಸರು ಒಂದೇ ಒಂದು ಕಡೆಯೂ ಇಲ್ಲ.