ಎಲ್ಲಮ್ಮನ ದಾರಿಯ ಒಲೆ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಒಕ್ಕಲು ಮನೆತನಗಳು ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಚಕ್ಕಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರೂಢಿ ಹಳೆಯದು. ಗುಡ್ಡದಲ್ಲಿಯೇ ಅಡುಗೆ ಮಾಡಿ ಪಡ್ಡಲಗಿ ತುಂಬಿಸುವ, ಅಂದರೆ ಬಿದಿರಬುಟ್ಟಿಯಲ್ಲಿ ದೇವಿಗೆ ಎಡೆ ತುಂಬಿ ಪೂಜಿಸುವ ಆಚರಣೆ ಇರುವುದರಿಂದ ಹಿಟ್ಟು, ಬೆಲ್ಲ, ಪಾತ್ರೆಗಳ ಜೊತೆಗೆ ಉರುವಲೂ ಗಾಡಿ ಏರುತ್ತಿತ್ತು. ತಂಗಿದಲ್ಲಿ ಮೂರು ಕಲ್ಲು ಹೂಡಿ ಹೊತ್ತಿಸಿದ ಬೆಂಕಿಯನ್ನು ಹೊರಡುವಾಗ ಮಣ್ಣೆಳೆದು ಆರಿಸಿದರೆ ಅಪಾಯ ಅಲ್ಲಿಗೇ ಮುಗಿಯುತ್ತಿತ್ತು.

ಮುಂದೆ ಉರುವಲಿನ ಜಾಗಕ್ಕೆ ಅಡುಗೆ ಅನಿಲ ಬಂತು. ಭಾರತದಲ್ಲಿ 1950ರ ದಶಕದ ನಡುವೆ ಮುಂಬಯಿಯಲ್ಲಿ ಮಾರಾಟಕ್ಕೆ ಬಂದ ಈ ಅನಿಲ, 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಎಂಬ ಹೆಸರಿನಲ್ಲಿ ಮೊದಲ ಸಂಪರ್ಕ ಕಂಡು, 2016ರ ಉಜ್ವಲಾ ಯೋಜನೆಯ ಮೂಲಕ ಬಡವರ ಅಡುಗೆಮನೆಗಳಿಗೂ ಹರಡಿತು. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬಂದಾಗ ಸಿಲಿಂಡರೂ ಅದರಲ್ಲಿ ಹೊರಟಿತು. ಈ ಅನಿಲ ಗಾಳಿಗಿಂತ ಭಾರ. ಸೋರಿದ್ದು ಮೇಲೇರದೆ ತಳದಲ್ಲಿ ಕೂಡುತ್ತದೆ, ತಾಡಪತ್ರಿ ಬಿಗಿದ ಟ್ರೇಲರಿನಲ್ಲಂತೂ ಹೊರಬೀಳಲು ದಾರಿಯೇ ಸಿಗುವುದಿಲ್ಲ. ಬ್ರಿಟನ್ನಿನ ಮನೆಗಾಡಿಗಳ (ಕ್ಯಾರವಾನ್) ನೆಲದಲ್ಲಿ ಸೋರಿದ ಅನಿಲ ಹೊರಹೋಗಲೆಂದೇ ಕಿಂಡಿ ಬಿಡುತ್ತಾರೆ.

ಅನಿಲಕ್ಕೆ ಸ್ವಂತ ವಾಸನೆ ಇಲ್ಲದ ಕಾರಣ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ದ್ರವ್ಯವನ್ನು ಬೆರೆಸಲಾಗುತ್ತದೆ, ಆದರೆ ಜಾತ್ರೆಯ ಹೊಗೆ, ಧೂಳು, ಅರಿಶಿನ ಭಂಡಾರದ ನಡುವೆ ಮೂಗನ್ನಷ್ಟೇ ನಂಬುವುದು ತಪ್ಪು. ಸಿಲಿಂಡರ್ ತಂದುಕೊಡುವವರು ಮುಚ್ಚಳ ಬಿಚ್ಚಿ, ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಟ್ಟು, ಗುಳ್ಳೆ ಎದ್ದರೆ ಒಳಗಿನ ರಬ್ಬರ್ ಉಂಗುರ ಕೆಟ್ಟಿದೆಯೆಂದು ತಿಳಿಯುತ್ತಾರೆ. ಪ್ರಯಾಣದಲ್ಲೂ ಇದೇ ವಿಧಾನ ಸಲ್ಲುತ್ತದೆ: ಒಲೆಯ ಗುಂಡಿಗಳನ್ನು ಮುಚ್ಚಿ, ರೆಗ್ಯುಲೇಟರ್ ತೆರೆದು, ಅದು ಕೂಡುವ ಜಾಗಕ್ಕೂ ರಬ್ಬರ್ ನಳಿಕೆಯ ಎರಡೂ ತುದಿಗಳಿಗೂ ಸಾಬೂನಿನ ನೊರೆ ಸವರಿ ನೋಡಬೇಕು, ಗುಳ್ಳೆ ಉಬ್ಬಿದಲ್ಲಿ ಸೋರಿಕೆ ಇದೆ. ಕಡ್ಡಿ ಗೀರಿ ನೋಡುವುದು ಸಾವನ್ನು ಕರೆದಂತೆ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ವರ್ಷದ ಜೊತೆ ಇರುತ್ತದೆ. ‘ಬಿ’ ಎಂದರೆ ಏಪ್ರಿಲ್‌ನಿಂದ ಜೂನ್, ಆ ಅವಧಿಯೊಳಗೆ ಅದು ಮರುಪರೀಕ್ಷೆಗೆ ಹೋಗಬೇಕು.

ಮನೆಯಲ್ಲಿ ಸಿಲಿಂಡರ್ ಬದಲಿಸಿದಾಗ ಒಮ್ಮೆ ನೋಡಿದರೆ ಸಾಗೀತು, ಆದರೆ ಕುಲುಕುವ ದಾರಿಯಲ್ಲಿ ಬಿಗಿದ ಜೋಡಣೆಯೂ ಸಡಿಲುವುದರಿಂದ ಸಾಗಿಸುವಾಗ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಪ್ರತಿ ತಂಗುದಾಣದಲ್ಲೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ಯಾತ್ರಿಕರ ರೈಲುಬೋಗಿ ಹೊತ್ತಿ ಉರಿದದ್ದು ನಿಷೇಧ ಮೀರಿ ಒಳಗೆ ಒಯ್ದ ಸಿಲಿಂಡರಿನಿಂದ. ರೈಲಿನಲ್ಲಿ ನಿಷೇಧವಾದರೂ ಇದೆ, ಟ್ರೇಲರ್ ಹೊರಡುವ ಮುನ್ನ ಹೊಲದ ಬದುವಿಗೆ ಬಂದು ತಪಾಸಣೆ ಮಾಡುವವರಿಲ್ಲ. ಆ ಕೆಲಸ ಮನೆಯ ಹಿರಿಯರದೇ. ಸೋರಿಕೆ ಕಂಡರೆ ಕರೆಯಬೇಕಾದ ಸಂಖ್ಯೆ 1906, ಅದು ಹಗಲಿರುಳೂ ತೆರೆದಿರುತ್ತದೆ.