ಮೊದಲ ನೋಟದ ಚೆಂಡು

ಚಿತ್ರದುರ್ಗವಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಾಗಲಿ, ಸುಗ್ಗಿ ಮುಗಿದ ಮೇಲೆ ಅಲ್ಲಿನ ಬಯಲುಗಳಲ್ಲಿ ನಡೆಯುವ ಕ್ರಿಕೆಟ್ ಪಂದ್ಯಾವಳಿಗಳನ್ನು ನೀವು ನೋಡಿಯೇ ಇರುತ್ತೀರಿ. ಅಂಥ ಕಡೆ ಹೆಚ್ಚುಕಡಿಮೆ ಪ್ರತಿವರ್ಷವೂ ಒಬ್ಬ ಹುಡುಗ ಎದ್ದುಬರುತ್ತಾನೆ. ಹದಿನೈದು ಹದಿನಾರರ ವಯಸ್ಸು, ಉದ್ದನೆಯ ಕೈ, ಎಲ್ಲಿಂದಲೋ ಓಡಿಬಂದು ಎಸೆಯುವ ಚೆಂಡು. ಪಕ್ಕದ ಊರಿನ ತಂಡದ ಏಳೆಂಟು ಮಂದಿ ಅವನೊಬ್ಬನಿಗೇ ವಿಕೆಟ್ ಒಪ್ಪಿಸಿ ಹೋಗುತ್ತಾರೆ. ಊರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತದೆ. ಎರಡು ವರ್ಷ ಕಳೆದು ಆ ಹುಡುಗ ಎಲ್ಲಿ ಎಂದು ಕೇಳಿ ನೋಡಿ. ಭುಜ ನೋವಂತೆ, ಸೊಂಟ ಹಿಡಿದಿದೆಯಂತೆ, ಈಗ ಆಡುತ್ತಿಲ್ಲವಂತೆ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಕಿರುಪರದೆಯ ಮೇಲಿನ ಮಾತುಕತೆಯಲ್ಲಿ ಇಂಥ ವಿಷಯಕ್ಕೆ ಸಿಗುವುದು ಎರಡು ಮೂರು ನಿಮಿಷ. ಈ ಪುಟದಲ್ಲಿ ಸ್ವಲ್ಪ ಬಿಡುವಾಗಿ ಮಾತನಾಡಬಹುದು. ನಮ್ಮ ನಾಡಿನ ಎಳೆಯ ಎಸೆತಗಾರರು ಮೊದಮೊದಲ ಪಂದ್ಯಗಳಲ್ಲೇ ಎದುರಾಳಿಗಳನ್ನು ಉರುಳಿಸಿದ ಚರಿತ್ರೆಯನ್ನೊಮ್ಮೆ ತಿರುವಿ ಹಾಕೋಣ. ಆ ಮೊದಲ ದಿನದ ಪವಾಡಕ್ಕೆ ಕಾರಣವೇನು, ಆಮೇಲೆ ಏನಾಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ. ವಿಜ್ಞಾನ ಓದಿದವನ ಚಪಲ ಎಂದುಕೊಳ್ಳಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಎಸೆತಗಾರನ ಕೈಬಿಟ್ಟು ದಾಂಡಿಗನನ್ನು ಮುಟ್ಟಲು ಹಿಡಿಯುವ ಕಾಲ ಸುಮಾರು ಅರ್ಧ ಸೆಕೆಂಡು. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕೈಗೆ ಅಪ್ಪಣೆ ಕೊಡುವಷ್ಟರಲ್ಲಿ ಅದರಲ್ಲಿ 0.2 ಸೆಕೆಂಡು ಕಳೆದಿರುತ್ತದೆ. ಬ್ಯಾಟನ್ನು ಬೀಸಲೂ ಸಮಯ ಬೇಕಲ್ಲ? ಹಾಗಾಗಿ ಚೆಂಡನ್ನು ಪೂರ್ತಿ ನೋಡಿ ಆಡುವುದು ಯಾರಿಂದಲೂ ಆಗದ ಮಾತು. ಒಳ್ಳೆಯ ದಾಂಡಿಗ ಚೆಂಡಿಗಿಂತ ಮೊದಲು ತೋಳನ್ನು ಓದುತ್ತಾನೆ. ಮಣಿಕಟ್ಟು ಯಾವ ಕಡೆ ತಿರುಗಿತು, ಭುಜ ಎಷ್ಟು ತೆರೆಯಿತು, ಕೊನೆಯ ಹೆಜ್ಜೆ ಎಲ್ಲಿ ಬಿತ್ತು ಎಂಬುದನ್ನು ಹಳೆಯ ನೆನಪಿನೊಡನೆ ತಾಳೆ ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ಊಹಿಸುತ್ತಾನೆ. ಎಸೆತಗಾರ ಹೊಸಬನಾದರೆ ನೆನಪಿನ ಆ ಪುಟ ಖಾಲಿ.

ಮೈಸೂರಿನ ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಅವರ ತೋಳಿನಷ್ಟು ವಿಚಿತ್ರವಾದ ತೋಳನ್ನು ಕ್ರಿಕೆಟ್ ಪ್ರಪಂಚ ಕಂಡದ್ದು ಕಡಿಮೆ. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಸಣ್ಣದಾಗಿಹೋಗಿತ್ತು. ಕ್ಷೇತ್ರರಕ್ಷಣೆ ಮಾಡುವಾಗ ಚೆಂಡನ್ನು ಎಡಗೈಯಿಂದಲೇ ಹಿಂದಿರುಗಿಸುತ್ತಿದ್ದರು. ಆದರೆ ಬೌಲಿಂಗಿಗೆ ಅದೇ ಕೃಶವಾದ ಬಲಗೈ! ಚಾವಟಿಯಂತೆ ಬೀಸುವ ಆ ಕೈಯಿಂದ ಗೂಗ್ಲಿಯೂ ಟಾಪ್ ಸ್ಪಿನ್ನೂ ಮಧ್ಯಮ ವೇಗದ ಎಸೆತಗಾರರನ್ನು ನಾಚಿಸುವ ರಭಸದಲ್ಲಿ ಬರುತ್ತಿದ್ದವು. 1963ರಲ್ಲಿ ಮೈಸೂರು ರಾಜ್ಯ ತಂಡಕ್ಕೆ ಬಂದವರು 1964ರ ಜನವರಿಯಲ್ಲಿ, 18ರ ವಯಸ್ಸಿನಲ್ಲಿ, ಮುಂಬಯಿಯ ಬ್ರೆಬೋರ್ನ್ ಮೈದಾನದಲ್ಲಿ ಇಂಗ್ಲೆಂಡ್ ಎದುರು ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲೇ 67 ರನ್ನಿಗೆ 4 ವಿಕೆಟ್. ಇಂಗ್ಲೆಂಡಿನ ದಾಂಡಿಗರಿಗೆ ಅವರನ್ನು ಮುಂಚೆ ನೋಡಿಕೊಳ್ಳಲು ದಾರಿಯೇ ಇರಲಿಲ್ಲ. ನಮ್ಮ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದೇ 1981ರ ನವೆಂಬರ್ 1ರಂದು!

ಆದರೆ ಚಂದ್ರಶೇಖರ್ ಕಥೆಯ ತೂಕ ಇರುವುದು ಆ ಜನವರಿಯಲ್ಲಿ ಅಲ್ಲ. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗೊಂಡು ಅವರು ತಂಡದಿಂದ ಹೊರಬಿದ್ದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಇಲ್ಲ. 1971ರಲ್ಲಿ ಮರಳಿದಾಗ ಇಂಗ್ಲೆಂಡಿನವರಿಗೆ ಆ ಕೈ ಪರಿಚಿತವೇ. ಹಾಗಿದ್ದೂ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊಟ್ಟಮೊದಲ ಸರಣಿ ಗೆದ್ದಿತು. ಮೊದಲ ಸಲದ 4 ವಿಕೆಟ್ ಬೆರಗಿನ ಫಲ ಎನ್ನಿ. ಎರಡನೆಯ ಸಲದ 6 ವಿಕೆಟ್ಟನ್ನು ಏನೆನ್ನುತ್ತೀರಿ?

ಇದಕ್ಕೆ ತದ್ವಿರುದ್ಧವಾದದ್ದು ನರೇಂದ್ರ ಹಿರ್ವಾನಿಯ ಕಥೆ. 1988ರ ಜನವರಿ, ಮದರಾಸಿನ ಚೆಪಾಕ್. ಕನ್ನಡಕಧಾರಿ ಹುಡುಗ, 19ರ ಪ್ರಾಯ, ಮೊದಲ ಟೆಸ್ಟ್. ಎದುರಿಗೆ ವೆಸ್ಟ್ ಇಂಡೀಸ್. ಮೊದಲ ಇನಿಂಗ್ಸ್‌ನಲ್ಲಿ 61ಕ್ಕೆ 8, ಎರಡನೆಯದರಲ್ಲಿ 75ಕ್ಕೆ 8. ಒಟ್ಟು 136 ರನ್ನಿಗೆ 16 ವಿಕೆಟ್. ಅಂದಿನ ಪ್ರಸಾರಗಳಲ್ಲಿ ಮುಖ್ಯ ಕ್ಯಾಮೆರಾ ಮೈದಾನದ ಒಂದೇ ತುದಿಯಲ್ಲಿರುತ್ತಿತ್ತು. ಒಂದು ಓವರಿನಲ್ಲಿ ಎಸೆತಗಾರನ ಬೆನ್ನು ಕಂಡರೆ ಮುಂದಿನ ಓವರಿನಲ್ಲಿ ದಾಂಡಿಗನ ಬೆನ್ನು. ಪ್ರೇಕ್ಷಕರಿಗೆ ಅರ್ಧ ಪಂದ್ಯ ಮಾತ್ರ ಅರ್ಥವಾಗುತ್ತಿತ್ತು. ವೆಸ್ಟ್ ಇಂಡೀಸ್ ದಾಂಡಿಗರಿಗೆ ಅಷ್ಟೂ ಆದಂತಿಲ್ಲ. ಆ ಪಂದ್ಯದಲ್ಲಿ ಕಿರಣ್ ಮೋರೆ 6 ಮಂದಿಯನ್ನು ಸ್ಟಂಪ್ ಮಾಡಿದರು ಎಂದರೆ ಅವರು ಎಷ್ಟು ಕುರುಡಾಗಿ ಮುಂದೆ ನುಗ್ಗಿರಬೇಕು ಊಹಿಸಿ. ಹಿರ್ವಾನಿ ಮೊದಲ 4 ಟೆಸ್ಟ್‌ಗಳಲ್ಲಿ 36 ವಿಕೆಟ್ ಪಡೆದರು. ಮಿಕ್ಕ ಜೀವಮಾನದ 13 ಟೆಸ್ಟ್‌ಗಳಲ್ಲಿ ಸಿಕ್ಕದ್ದು 30.

1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಡೆದ ಟೆಸ್ಟಿನಲ್ಲಿ ಹಿರ್ವಾನಿಯ ಜೊತೆಗೆ ಇನ್ನೊಬ್ಬ ಕನ್ನಡಕಧಾರಿ ಲೆಗ್ ಸ್ಪಿನ್ನರ್ ಮೊದಲ ಬಾರಿ ಆಡಿದ. ಅವನಿಗೂ 19. ಬೆಂಗಳೂರಿನ ಹುಡುಗ, ಮನೆತನದ ಬೇರು ಕಾಸರಗೋಡು ಸೀಮೆಯ ಕುಂಬಳೆಯದು. ಮೊದಲ ಇನಿಂಗ್ಸ್‌ನಲ್ಲಿ 3 ವಿಕೆಟ್ ತೆಗೆಯಲು 105 ರನ್ ಕೊಟ್ಟ. ಹೆಗಲ ಮೇಲೆ ಹೊರುವಂಥದ್ದೇನೂ ನಡೆಯಲಿಲ್ಲ; ತಂಡದಿಂದ ಕೈಬಿಟ್ಟರು. ಮತ್ತೆ ಟೆಸ್ಟ್ ಆಡಿದ್ದು 1992ರಲ್ಲಿ. ಅನಿಲ್ ಕುಂಬ್ಳೆಯವರ ಲೆಕ್ಕ 619 ವಿಕೆಟ್‌ಗೆ ನಿಂತಿತು. ಅವರ ಚೆಂಡಿನಲ್ಲಿ ಬಚ್ಚಿಟ್ಟ ಗುಟ್ಟು ಹೆಚ್ಚಿರಲಿಲ್ಲ ಎಂಬುದೇ ನನಗೆ ಕಾಣುವ ಸ್ವಾರಸ್ಯ. ಬಯಲಾಗುವಂಥ ಗುಟ್ಟೇ ಇಲ್ಲದಿದ್ದರೆ ಬಯಲಾಗುವ ಭಯವೂ ಇಲ್ಲ. ನಿಖರತೆಯನ್ನು ವಿಡಿಯೋದಲ್ಲಿ ನೂರು ಸಲ ನೋಡಿದರೂ ಅದರಿಂದ ಪಾರಾಗುವ ಉಪಾಯ ಸಿಗುವುದಿಲ್ಲ.

ಸ್ಪಿನ್ನರುಗಳಿಗೆ ಕಾಡುವುದು ಪರಿಚಯ. ವೇಗದವರಿಗೆ ಅದಕ್ಕಿಂತ ಮೊದಲೇ ಶರೀರ ಕೈಕೊಡುತ್ತದೆ. ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರನ್ನು ನೀವು ಕಂಡಿರಬಹುದು. ಕಲ್ಲಿಗೆ ವೇಗ ಬರುವುದು ಮುಷ್ಟಿಯಿಂದಲ್ಲ. ಕಾಲು, ಸೊಂಟ, ಭುಜ, ಮೊಣಕೈ ಹೀಗೆ ಒಂದರಿಂದೊಂದಕ್ಕೆ ಸಾಗಿಬಂದ ಶಕ್ತಿ ತುದಿಯ ಹಗ್ಗದಲ್ಲಿ ಒಟ್ಟಾಗುತ್ತದೆ. ಹಗ್ಗ ಸವೆದರೆ ಬೇರೆ ಹೊಸೆಯಬಹುದು. ಹುಡುಗನ ತೋಳಿನಲ್ಲಿ ಹಗ್ಗದ ಕೆಲಸ ಮಾಡುವವು ಸ್ನಾಯುರಜ್ಜುಗಳು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದರ ದಾಖಲೆ ಕಣ್ಣಿಗೆ ಹೊಡೆಯುವಂತಿದೆ. ಅಲ್ಲಿ ಎಸೆಯುವವನಿಗೆ ಪಿಚ್ಚರ್ ಎಂದು ಹೆಸರು. ದಾಂಡಿಗನನ್ನು ಮೂರು ಸಲ ತಪ್ಪಿಸಿದರೆ ಅವನು ಔಟ್. ಅದನ್ನು ಸ್ಟ್ರೈಕ್‌ಔಟ್ ಎನ್ನುತ್ತಾರೆ. ಕ್ಯಾಚ್ ಹಿಡಿಯುವವರ ಹಂಗಿಲ್ಲದೆ ಪಿಚ್ಚರ್ ತಾನೇ ಗಳಿಸುವ ಬಲಿ ಅದು. 1936ರಲ್ಲಿ ಅಯೋವಾ ಪ್ರಾಂತ್ಯದ ರೈತನ ಮಗ ಬಾಬ್ ಫೆಲರ್, 17ರ ಹುಡುಗ, ಒಂದೇ ಪಂದ್ಯದಲ್ಲಿ 17 ಮಂದಿಯನ್ನು ಹಾಗೆ ಕೆಡವಿ, ಋತು ಮುಗಿದ ಮೇಲೆ ಹೈಸ್ಕೂಲಿಗೆ ವಾಪಸು ಹೋದ! ಅವನ ತೋಳು ದಶಕಗಳ ಕಾಲ ಬಾಳಿತು. ಎಲ್ಲರದೂ ಹಾಗಲ್ಲ. 1954ರಲ್ಲಿ ಕಾರ್ಲ್ ಸ್ಪೂನರ್ ಮೊದಲ ಎರಡು ಪಂದ್ಯಗಳಲ್ಲಿ 27 ಸ್ಟ್ರೈಕ್‌ಔಟ್ ಗಳಿಸಿದ. ಮರುವರ್ಷ ಭುಜ ಕೆಟ್ಟಿತು. 1955ರ ನಂತರ ಅವನು ಆ ಮಟ್ಟದಲ್ಲಿ ಮತ್ತೆ ಆಡಲಿಲ್ಲ. 1998ರ ಮೇ 6ರಂದು ಷಿಕಾಗೋದಲ್ಲಿ 20 ವರ್ಷದ ಕೆರ್ರಿ ವುಡ್ ತನ್ನ ಐದನೆಯ ಪಂದ್ಯದಲ್ಲೇ ಎದುರಾಳಿಯ 27 ಬಲಿಗಳಲ್ಲಿ 20ನ್ನು ಒಬ್ಬನೇ ಪಡೆದ. 1999ರ ಇಡೀ ಋತು ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಯಿತು.

ನಮ್ಮ ಕಡೆಗೆ ಬರೋಣ. ಹೊಸದುರ್ಗದಿಂದ ದಕ್ಷಿಣಕ್ಕೆ ಹೋದರೆ ಸಿಗುವ ಅರಸೀಕೆರೆ ಸೀಮೆಯಲ್ಲಿ ಜಾವಗಲ್ ಇದೆ. ಆ ಊರನ್ನು ಹೆಸರಿನಲ್ಲಿ ಹೊತ್ತ ಶ್ರೀನಾಥ್ 1989-90ರ ಸಾಲಿನಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಸಾಧಿಸಿದರು. ಅದೇ ಪಂದ್ಯದ ಎರಡನೆಯ ಇನಿಂಗ್ಸ್‌ನಲ್ಲಿ ಮತ್ತೆ ಸತತ ಎರಡು ಎಸೆತಕ್ಕೆ ಎರಡು ವಿಕೆಟ್. ಆ ಸಾಲಿನ 6 ಪಂದ್ಯಗಳಲ್ಲಿ 25 ವಿಕೆಟ್. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಡಿದರೂ ತವರಿನ ನೆಲದಲ್ಲಿ ಟೆಸ್ಟ್ ಆಡಲು 1994ರವರೆಗೆ ಕಾದರು. ಕಾಯಿಸಿದ್ದು ಅನ್ಯಾಯ ಎನ್ನುವವರೇ ಹೆಚ್ಚು. ನಾನೂ ಆಗ ಹಾಗೆಯೇ ಅನ್ನುತ್ತಿದ್ದೆ. ಆದರೆ ಆಮೇಲೆ ಅವರಿಗೆ ಬಿಡುವೆಂಬುದೇ ಇರಲಿಲ್ಲ. 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಶ್ರೀನಾಥ್ ಮರಳಿ ಬಂದರು, 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು, ಒಟ್ಟು 236 ಟೆಸ್ಟ್ ವಿಕೆಟ್ ಗಳಿಸಿದರು. ಎಲ್ಲ ಭುಜಗಳೂ ಹಾಗೆ ಮರಳುವುದಿಲ್ಲ.

ಅಭಿಮನ್ಯು ಮಿಥುನ್ ಅವರನ್ನೂ ಮರೆಯುವಂತಿಲ್ಲ. ಡಿಸ್ಕಸ್ ಎಸೆಯುತ್ತಿದ್ದ ಹುಡುಗ ಕ್ರಿಕೆಟ್ಟಿಗೆ ಬಂದದ್ದು ತಡವಾಗಿ. 2009ರ ನವೆಂಬರ್, ಮೀರತ್, ಉತ್ತರ ಪ್ರದೇಶದ ವಿರುದ್ಧ ಮೊದಲ ಪಂದ್ಯ: ಹ್ಯಾಟ್ರಿಕ್ ಸೇರಿ 11 ವಿಕೆಟ್. ಆ ರಣಜಿ ಸಾಲಿನಲ್ಲಿ 47 ವಿಕೆಟ್, ದೇಶಕ್ಕೇ ಹೆಚ್ಚು. ಎಂಟೇ ತಿಂಗಳಲ್ಲಿ ಗಾಲ್‌ನಲ್ಲಿ ಟೆಸ್ಟ್, ಅದೂ ಮುರಳೀಧರನ್ 800ನೇ ವಿಕೆಟ್ ಪಡೆದ ಪಂದ್ಯ. ಆದರೆ ಮಿಥುನ್ ಆಡಿದ ಟೆಸ್ಟ್‌ಗಳು ಒಟ್ಟು 4. ಅವರ ಬಗ್ಗೆ ಬರೆದವರು ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲಾರೆ. ಹತ್ತು ವರ್ಷ ಕರ್ನಾಟಕಕ್ಕೆ ಬೌಲ್ ಮಾಡಿ, 2019ರ ಅಕ್ಟೋಬರ್ 25ರಂದು, ತಮ್ಮ 30ನೇ ಹುಟ್ಟುಹಬ್ಬದ ದಿನ, ವಿಜಯ್ ಹಜಾರೆ ಫೈನಲಿನಲ್ಲಿ ತಮಿಳುನಾಡಿನ ವಿರುದ್ಧ ಮತ್ತೊಂದು ಹ್ಯಾಟ್ರಿಕ್. ಮರುತಿಂಗಳು ಸೂರತ್‌ನಲ್ಲಿ ಹರಿಯಾಣದ ವಿರುದ್ಧ ಒಂದೇ ಓವರಿನಲ್ಲಿ 5 ವಿಕೆಟ್.

ಹೆಣ್ಣುಮಕ್ಕಳ ಆಟದಲ್ಲೂ ಇದೇ ಚಕ್ರ ತಿರುಗುತ್ತಿದೆ. ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 2023ರ ಜೂನಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಭಾರತ 'ಎ' ತಂಡಕ್ಕೆ 3 ಓವರಿನಲ್ಲಿ 2 ರನ್ನಿಗೆ 5 ವಿಕೆಟ್ ಪಡೆದರು. 2024ರ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ 13 ವಿಕೆಟ್‌ಗಳೊಡನೆ ಅಗ್ರಸ್ಥಾನ. 2025ರ ಲೀಗಿಗೆ ಗಾಯದಿಂದ ಬರಲಾಗಲಿಲ್ಲ.

ಈಗ ಮತ್ತೆ ನಿಮ್ಮ ಊರಿನ ಬಯಲಿಗೆ. ಅಮೆರಿಕದ ಬೇಸ್‌ಬಾಲ್ ಆಡಳಿತ ಹೊರಡಿಸಿದ ಸೂಚನೆಯಂತೆ 15-16ರ ಹುಡುಗ ದಿನಕ್ಕೆ 95 ಎಸೆತ ದಾಟಬಾರದು. ನಮ್ಮ ಲೆಕ್ಕದಲ್ಲಿ ಅದು ಹದಿನಾರು ಓವರಿಗೂ ಕಡಿಮೆ. ಕಾರಣ ಸರಳ: ಎಲುಬಿನ ತುದಿಯ ಬೆಳವಣಿಗೆಯ ಭಾಗ ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಬೆನ್ನೆಲುಬಿನ ಕೆಳಭಾಗವಂತೂ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಅಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ ಮೊದಲಿಗೆ ಬರೀ ಸೊಂಟನೋವು ಎನ್ನಿಸುತ್ತದೆ. ಒಂದೇ ದಿನ ಮೂರು ಪಂದ್ಯ ಮುಗಿಸುವ ಪಂದ್ಯಾವಳಿಯಲ್ಲಿ, ಗೆಲ್ಲಿಸಿಕೊಡುತ್ತಾನೆ ಎಂಬ ಒಂದೇ ಕಾರಣಕ್ಕೆ, ಆ ಹುಡುಗನ ಕೈಗೇ ಮತ್ತೆ ಮತ್ತೆ ಚೆಂಡು ಕೊಡುವಾಗ ಎಸೆತ ಎಣಿಸುವವರು ಯಾರು? ಸ್ಕೋರ್ ಪುಸ್ತಕದಲ್ಲಿ ಅದಕ್ಕೊಂದು ಕಲಂ ಹಾಕುವುದು ಕಷ್ಟದ ಕೆಲಸವಲ್ಲ. ನಡುವೆ ಎಸೆದ ನೆಟ್ ಅಭ್ಯಾಸದ ಚೆಂಡುಗಳನ್ನೂ ಅದರಲ್ಲಿ ಸೇರಿಸಬೇಕು.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಅದು ಚಿತ್ರದುರ್ಗ ಜಿಲ್ಲೆಯದೇ ಊರು. ಹಾಗಾಗಿ 1984ರಲ್ಲಿ ಅಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ಅವರನ್ನು ಚಿತ್ರದುರ್ಗದವರು ನಮ್ಮವರೆಂದರೆ ತಪ್ಪಿಲ್ಲ. ಆಟೋ ಚಾಲಕರ ಮಗ. 2004-05ರಲ್ಲಿ ರಾಜ್ಯ ತಂಡಕ್ಕೆ ಬಂದಾಗ ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆಯುವಂಥದ್ದೇನೂ ನಡೆಯಲಿಲ್ಲ. ಭಾರಿ ವೇಗವೂ ಅವರದಾಗಿರಲಿಲ್ಲ. 2012ರಲ್ಲಿ ಪರ್ತ್‌ನಲ್ಲಿ ಸಿಕ್ಕಿದ ಒಂದೇ ಒಂದು ಟೆಸ್ಟಿನಲ್ಲಿ ಒಂದು ವಿಕೆಟ್. ಆದರೆ 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತ ಎರಡು ಬಾರಿ ರಣಜಿ ಗೆದ್ದಾಗ ನಾಯಕರು ಅವರೇ. 2021ರಲ್ಲಿ ನಿವೃತ್ತರಾಗುವಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್. 2017ರ ಡಿಸೆಂಬರಿನಲ್ಲಿ ನಾಗಪುರದ ರಣಜಿ ಕ್ವಾರ್ಟರ್ ಫೈನಲ್. 33ರ ವಿನಯ್ ತಮ್ಮ ಮೊದಲ ಓವರಿನ ಕೊನೆಯ ಎಸೆತಕ್ಕೆ ಒಬ್ಬರನ್ನು, ಎರಡನೆಯ ಓವರಿನ ಮೊದಲೆರಡು ಎಸೆತಕ್ಕೆ ಇಬ್ಬರನ್ನು ಔಟ್ ಮಾಡಿ ಹ್ಯಾಟ್ರಿಕ್ ಪೂರೈಸಿದರು. ಎದುರಿಗಿದ್ದದ್ದು ಮುಂಬಯಿ. ಆ ತಂಡಕ್ಕೆ ವಿನಯ್ ಅವರ ತೋಳು ಹೊಸದೇನೂ ಆಗಿರಲಿಲ್ಲ.