ಕಡತದಿಂದ ಗಣಕಯಂತ್ರಕ್ಕೆ: ಲೆಕ್ಕಪತ್ರಗಳ ತಿದ್ದುಪಡಿಯ ದಾಖಲೆ

ಕನ್ನಡನಾಡಿನ ವರ್ತಕರೂ ಶಾನುಭೋಗರೂ ಲೆಕ್ಕ ಬರೆಯಲು ಬಳಸುತ್ತಿದ್ದ ಕಡತವೆಂಬುದು, ಹತ್ತಿಬಟ್ಟೆಗೆ ಇದ್ದಿಲಪುಡಿ ಕಲಸಿದ ಅಂಟನ್ನು ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಪುಸ್ತಕ. 1810ರಲ್ಲಿ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಕಡತದ ಗುಣವೂ ದೋಷವೂ ಒಂದೇ: ಬಳಪದಲ್ಲಿ ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಒರಸಿದವರು ಯಾರು, ಎಂದು ಒರಸಿದರು ಎಂಬುದಕ್ಕೆ ಕಡತದೊಳಗೆ ಸಾಕ್ಷ್ಯವಿರುವುದಿಲ್ಲ.

ಈ ಭಯ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕ್ರಮತಪ್ಪಿ ಬರೆದ ಲೆಕ್ಕಿಗನಿಗೆ 12 ಪಣಗಳ ದಂಡ. ‘ನೀವೀ’ ಎಂಬ ಉಳಿಕೆಮೊತ್ತವನ್ನು ಕೆರೆದುಹಾಕಿದರೆ, ಶಾಸ್ತ್ರಿಗಳ ಅನುವಾದದಂತೆ, ಅದರ ಇಮ್ಮಡಿ. ದಂಡವೇನೋ ಸಿಕ್ಕಿಬಿದ್ದವನಿಗೆ, ಸಿಕ್ಕಿಸುವ ಉಪಾಯ ಬೇರೆಯದೇ ಆಗಿರಬೇಕು.

ಗಣಕಯಂತ್ರದ ಆಗಮನದಿಂದ ವಾಣಿಜ್ಯದ ಲೆಕ್ಕವು ಮತ್ತೆ ಕಡತದ ಸ್ಥಿತಿಗೇ ಮರಳಿತೆಂದು ನಮ್ಮ ಅಭಿಪ್ರಾಯ. ಶಾಯಿಯ ಖಾತೆಪುಸ್ತಕದಲ್ಲಿ ಹೊಡೆದುಹಾಕಿದ ಗೀಟಾದರೂ ಉಳಿಯುತ್ತಿತ್ತು. ಪರದೆಯ ಮೇಲೆ ಅದೂ ಉಳಿಯಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರ್ಕಾರವು 2021ರ ಮಾರ್ಚಿಯಲ್ಲಿ ಕಂಪನಿಗಳ ಲೆಕ್ಕಪತ್ರ ನಿಯಮಗಳನ್ನು ತಿದ್ದಿತು. ಎರಡು ಬಾರಿ ಮುಂದೂಡಲ್ಪಟ್ಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ, ಕಂಪನಿಯ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತವಾಗಿ ದಾಖಲಿಸಬೇಕು. ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು.

ನಿಯಮದ ವಾಕ್ಯದಲ್ಲಿ ದಿನಾಂಕವಿದೆ, ತಿದ್ದಿದವನ ಹೆಸರಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತಂತ್ರಾಂಶಗಳು ಹೆಸರನ್ನು ದಾಖಲಿಸುತ್ತವೆ, ನಿಜ. ಆದರೆ ಅದು ಪ್ರವೇಶನಾಮ ಮಾತ್ರ. ಒಂದೇ ನಾಮವನ್ನೂ ಒಂದೇ ಗುಪ್ತಪದವನ್ನೂ ನಾಲ್ವರು ಗುಮಾಸ್ತರು ಹಂಚಿಕೊಂಡ ಕಡೆ, ದಾಖಲೆಯು ಹೇಳುವ ಕರ್ತೃ ಯಾರೂ ಅಲ್ಲ. ಶಾಸನದ ಕೊನೆಯಲ್ಲಿ ಬರೆದವನ ಹೆಸರನ್ನು ಕಂಡೊಡನೆ ನಂಬದೆ ಪರೀಕ್ಷಿಸುವ ವಿದ್ಯಾರ್ಥಿಗೆ ಈ ಎಚ್ಚರ ಹೊಸದೇನಲ್ಲ. ದೊಡ್ಡ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಎಸ್‌ಎಪಿ ವ್ಯವಸ್ಥೆಯ ಭದ್ರತಾ ದಾಖಲೆಯಲ್ಲಿ ಇನ್ನೊಂದು ತೊಡಕಿದೆ. ಯಾರ ಯಾವ ಬಗೆಯ ಕಾರ್ಯಗಳು—ಪ್ರವೇಶ, ವಿಫಲಪ್ರವೇಶ, ಬಳಕೆದಾರರ ಅಧಿಕಾರದ ಬದಲಾವಣೆ—ದಾಖಲಾಗಬೇಕೆಂಬುದನ್ನು ನಿರ್ವಾಹಕನೇ ಮೊದಲು ಗೊತ್ತುಮಾಡಿರಬೇಕು. ಆರಿಸದೆ ಬಿಟ್ಟುದು ಆ ದಾಖಲೆಗೆ ಸೇರುವುದೇ ಇಲ್ಲ. ಆದುದರಿಂದ ದಾಖಲೆಯ ಮೌನವನ್ನು ಘಟನೆಯ ಅಭಾವವೆಂದು ಓದಬಾರದು. ಆಯ್ಕೆಮಾಡಿದವನೂ ದಾಖಲೆಗೆ ಒಳಪಟ್ಟಿದ್ದಾನೆಯೇ ಎಂಬುದನ್ನೇ ಮೊದಲು ಕೇಳಬೇಕು.

ಕಾಲಾವಧಿಯ ವಿಷಯದಲ್ಲಿಯೂ ಏಕರೂಪತೆಯಿಲ್ಲ. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಪಾಡಬೇಕು. ಗಣಕವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳಿಗೆ 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವು ವಿಧಿಸಿದ ಅವಧಿ 180 ದಿನಗಳು ಮಾತ್ರ. ಲೆಕ್ಕ ಉಳಿದು, ಅದನ್ನು ಮುಟ್ಟಿದವನು ಒಳಬಂದ ಜಾಡು ಅಳಿದಿರುವುದು ಸಾಧ್ಯ.

ಗೋವಿಂದರಾಜನಗರದ ಮಾಗಡಿ ರಸ್ತೆಯಲ್ಲಿ ಗೋಡೆಗೆ ಗೋಡೆ ತಾಗಿದ ಎರಡು ವ್ಯಾಪಾರಗಳನ್ನು ಊಹಿಸಿಕೊಳ್ಳೋಣ. ಒಂದು ನೋಂದಾಯಿತ ಕಂಪನಿ, ಇನ್ನೊಂದು ಪಾಲುದಾರಿಕೆಯ ಅಂಗಡಿ. ಮೇಲಿನ ಲೆಕ್ಕಪತ್ರ ನಿಯಮವು ಮೊದಲನೆಯದನ್ನು ಮಾತ್ರ ಕಟ್ಟಿಹಾಕುತ್ತದೆ. ಬೆಂಗಳೂರಿನದೇ ಆದ ಟ್ಯಾಲಿ ಸಂಸ್ಥೆಯು ತಿದ್ದುಪಡಿಯ ದಾಖಲೆಯನ್ನು ನಿಲ್ಲಿಸಲಾಗದ ಆವೃತ್ತಿಯೊಂದನ್ನು ಕಂಪನಿಗಳಿಗಾಗಿ ಹೊರತಂದಿತು. ಅದರ ಸಾಮಾನ್ಯ ಆವೃತ್ತಿಯಲ್ಲಿ ಆ ದಾಖಲೆಯನ್ನು ತೆರೆಯುವುದೂ ಮುಚ್ಚುವುದೂ ಅಂಗಡಿಯ ಯಜಮಾನನ ಇಚ್ಛೆಗೆ ಸೇರಿದ್ದು.